ಇನ್ನೂರು ವರ್ಷವಾದರೂ ಹೊಲ ಎಲ್ಲಿ?

ಫಾಲ್‌ಔಟ್ 3 ನನ್ನ ಕೈಗೆ ಸಿಕ್ಕಿದ್ದು 2009ರಲ್ಲಿ, ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ, ಸೀನಿಯರ್ ಒಬ್ಬನ ಹಾರ್ಡ್‌ಡಿಸ್ಕ್‌ನಿಂದ. ಕಳ್ಳ ಕಾಪಿ ಅಂತ ಬೇರೆ ಹೇಳಬೇಕಾಗಿಲ್ಲ. ಅಣುಯುದ್ಧ ಮುಗಿದು ಇನ್ನೂರು ವರ್ಷವಾದ ಅಮೆರಿಕದ ಕಥೆ. ನೆಲದಡಿಯ ಬಂಕರ್‌ನಲ್ಲಿ ಬೆಳೆದ ನೀವು ಹತ್ತೊಂಬತ್ತನೇ ವಯಸ್ಸಿಗೆ ಮೊದಲ ಸಲ ಆಚೆ ಕಾಲಿಡ್ತೀರಿ. ಬಿಸಿಲಿಗೆ ಕಣ್ಣು ಮುಚ್ಚಿಹೋಗುತ್ತೆ. ನಿಧಾನಕ್ಕೆ ದೃಷ್ಟಿ ಬಂದಾಗ ಎದುರಿಗೆ ಸುಟ್ಟು ನಿಂತ ವಾಷಿಂಗ್ಟನ್ ನಗರ. ಎತ್ತ ಬೇಕಾದರೂ ನಡೆದುಕೊಂಡು ಹೋಗಬಹುದು. ಮರುದಿನ ಇಂಟರ್ನಲ್ಸ್ ಇದ್ದರೂ ಬೆಳಗಿನ ಜಾವದವರೆಗೆ ಆಡಿದೆ.

ಕಾಪಿ ಕೊಟ್ಟವನೇ ಬಂದು ನೋಡಿ, 'ಚೆನ್ನಾಗಿದೆ, ಆದ್ರೆ ಇದು ಫಾಲ್‌ಔಟ್ ಅಲ್ಲ ಕಣೋ' ಅಂದ. ಹೊಟ್ಟೆಕಿಚ್ಚು ಅಂದುಕೊಂಡೆ. ಅವನು ಹೇಳಿದ್ದು ಅರ್ಥವಾಗೋಕೆ ನನಗೆ ಐದಾರು ವರ್ಷ ಬೇಕಾಯ್ತು.

ಮೊದಲ ಫಾಲ್‌ಔಟ್ ಬಂದದ್ದು 1997ರಲ್ಲಿ, ಇಂಟರ್‌ಪ್ಲೇ ಕಂಪನಿಯಿಂದ. ಅದರ ಹುಟ್ಟೇ ಒಂಥರಾ ಬದಲಿ ವ್ಯವಸ್ಥೆ. ಇಂಟರ್‌ಪ್ಲೇಯವರೇ 1988ರಲ್ಲಿ ಮಾಡಿದ್ದ ವೇಸ್ಟ್‌ಲ್ಯಾಂಡ್ ಗೇಮಿನ ಹಕ್ಕು ಎಲೆಕ್ಟ್ರಾನಿಕ್ ಆರ್ಟ್ಸ್ ಕೈಯಲ್ಲಿತ್ತು, ವಾಪಸ್ ಸಿಗಲಿಲ್ಲ. ನಿಯಮಗಳಿಗೆ ಗರ್ಪ್ಸ್ ಅನ್ನೋ ಟೇಬಲ್ ಮೇಲಿನ ಆಟವನ್ನು ನಂಬಿಕೊಂಡಿದ್ದರು, ಆ ಒಪ್ಪಂದವೂ ಮುರಿದುಬಿತ್ತು. ಕೊನೆ ಗಳಿಗೆಯಲ್ಲಿ ಸ್ವಂತ ನಿಯಮ ಬರೆದುಕೊಂಡರು. ಮುಂದೆ ಅಭಿಮಾನಿಗಳು 'ಮೂಲ' ಅಂತ ಎದೆಗೊತ್ತಿಕೊಂಡದ್ದು ಇದನ್ನೇ.

ಮೇಲಿನಿಂದ ಓರೆಯಾಗಿ ಕಾಣುವ ನಕ್ಷೆ, ಸರದಿ ಪ್ರಕಾರ ನಡೆಯುವ ಜಗಳ. ಈಗ ನೋಡಿದರೆ ಮುದುಕ ಗೇಮ್. ಆದರೆ ಅದು ನಿಮ್ಮ ಮಾತು ಕೇಳಿಸಿಕೊಳ್ಳುತ್ತಿತ್ತು. ಬುದ್ಧಿಯ ಅಂಕ ತೀರಾ ಕಮ್ಮಿ ಇಟ್ಟು ಪಾತ್ರ ಮಾಡಿದರೆ ಅವನ ಬಾಯಿಂದ ಬರೀ ತೊದಲು ಬರುತ್ತೆ, ಎದುರಿನವರು ಅವನನ್ನು ಹಾಗೇ ನಡೆಸಿಕೊಳ್ಳುತ್ತಾರೆ. ಮಾಸ್ಟರ್ ಅನ್ನೋ ಕೊನೆಯ ಖಳನಾಯಕನನ್ನು ಒಂದೇ ಒಂದು ಗುಂಡು ಹಾರಿಸದೆ ಸೋಲಿಸಬಹುದು. ಅವನು ಸೃಷ್ಟಿಸುತ್ತಿರುವ ಹೊಸ ತಳಿಗೆ ಮಕ್ಕಳಾಗಲ್ಲ ಅಂತ ಪುರಾವೆ ಸಮೇತ ತೋರಿಸಿದರೆ ಸಾಕು, ತನ್ನ ಯೋಜನೆಯೇ ಸುಳ್ಳು ಅಂತ ಗೊತ್ತಾಗಿ ತನ್ನನ್ನೇ ಮುಗಿಸಿಕೊಳ್ಳುತ್ತಾನೆ.

ನನಗೆ ಇಷ್ಟವಾದದ್ದು ಇದಕ್ಕಿಂತ ತುಂಬಾ ಚಿಕ್ಕದು. ಶೇಡಿ ಸ್ಯಾಂಡ್ಸ್ ಅಂತ ಒಂದು ಹಳ್ಳಿ ಬರುತ್ತೆ. ಮಣ್ಣಿನ ಗೋಡೆ, ಒಂದು ಬಾವಿ, ಒಂದಿಷ್ಟು ಬೆಳೆ. ನಿಮಗೆ ವಿಜ್ಞಾನ ಸ್ವಲ್ಪ ಗೊತ್ತಿದ್ದರೆ ಅಲ್ಲಿನ ರೈತನಿಗೆ ಒಂದೇ ಬೆಳೆ ಹಾಕಬೇಡ, ಬದಲಾಯಿಸಿ ಬಿತ್ತು ಅಂತ ಹೇಳಿಕೊಡಬಹುದು. ರಾಗಿ ಆದಮೇಲೆ ಹುರುಳಿ ಹಾಕೋ ಮನೆಯಿಂದ ಬಂದವನು ನಾನು. ಪ್ರಪಂಚ ಮುಳುಗಿದ ಮೇಲಿನ ಕಥೆಯಲ್ಲಿ ಇದನ್ನು ಯಾರೋ ಕೂತು ಯೋಚಿಸಿದ್ದಾರಲ್ಲ ಅಂತ ಖುಷಿಯಾಯ್ತು. 1998ರ ಎರಡನೇ ಭಾಗದಲ್ಲಿ, ಕಥೆಯ ಲೆಕ್ಕದಲ್ಲಿ ಎಂಬತ್ತು ವರ್ಷ ಕಳೆದು ಹೋದರೆ, ಅದೇ ಹಳ್ಳಿ ಒಂದು ಗಣರಾಜ್ಯದ ರಾಜಧಾನಿ!

ಆಮೇಲೆ ಇಂಟರ್‌ಪ್ಲೇ ಸಾಲದಲ್ಲಿ ಮುಳುಗಿತು. 2003ರ ಡಿಸೆಂಬರ್‌ನಲ್ಲಿ ತನ್ನ ಬ್ಲ್ಯಾಕ್ ಐಲ್ ಸ್ಟುಡಿಯೋವನ್ನು ಮುಚ್ಚಿತು. 'ವ್ಯಾನ್ ಬ್ಯೂರೆನ್' ಅನ್ನೋ ಒಳಹೆಸರಿನಲ್ಲಿ ತಯಾರಾಗುತ್ತಿದ್ದ ಮೂರನೇ ಭಾಗ ಅರ್ಧಕ್ಕೇ ಸತ್ತಿತು. 2004ರಲ್ಲಿ ಬೆಥೆಸ್ಡಾ ಪರವಾನಗಿ ಪಡೆಯಿತು, 2007ರಲ್ಲಿ 57.5 ಲಕ್ಷ ಡಾಲರ್ ಕೊಟ್ಟು ಸರಣಿಯನ್ನೇ ಕೊಂಡಿತು. ಆಗಷ್ಟೇ ಆಬ್ಲಿವಿಯನ್ ಅನ್ನೋ ಕತ್ತಿ-ಮಂತ್ರದ ಗೇಮ್ ಮಾಡಿ ಗೆದ್ದ ಕಂಪನಿ ಅದು. ಹಳೆಯ ಅಭಿಮಾನಿಗಳು ಹೊಸ ಭಾಗ ಬರುವ ಮೊದಲೇ 'ಬಂದೂಕು ಹಿಡಿದ ಆಬ್ಲಿವಿಯನ್' ಅಂತ ಹೆಸರಿಟ್ಟರು.

2008ರ ಅಕ್ಟೋಬರ್‌ನಲ್ಲಿ ಗೇಮ್ ಬಂತು. ಮೊದಲ ವಾರಕ್ಕೇ 47 ಲಕ್ಷ ಪ್ರತಿ ಅಂಗಡಿಗಳಿಗೆ ಹೋಗಿವೆ ಅಂತ ಕಂಪನಿ ಹೇಳಿತು. ಮರುವರ್ಷ ಗೇಮ್ ಡೆವಲಪರ್ಸ್ ಚಾಯ್ಸ್‌ನಲ್ಲಿ ವರ್ಷದ ಗೇಮ್ ಪ್ರಶಸ್ತಿಯೂ ಸಿಕ್ಕಿತು. ಹಳಬರ ಸಿಟ್ಟು ಮಾತ್ರ ಇಳಿಯಲಿಲ್ಲ.

ಈ ನಡುವೆ ನಮ್ಮ ದೇಶದಲ್ಲಿ ಬೇರೆಯದೇ ಕಥೆ. ಭಾರತದ 'ಸಾಂಸ್ಕೃತಿಕ ಸೂಕ್ಷ್ಮತೆ'ಯ ಕಾರಣಕ್ಕೆ ಗೇಮನ್ನು ಇಲ್ಲಿ ತರುತ್ತಿಲ್ಲ ಅಂತ ಎಕ್ಸ್‌ಬಾಕ್ಸ್ 360 ಮಾರುವ ಮೈಕ್ರೋಸಾಫ್ಟ್ ಪ್ರಕಟಿಸಿತು. ಯಾವ ಸೂಕ್ಷ್ಮ ಅಂತ ಹೇಳಲಿಲ್ಲ. ಎಲ್ಲರೂ ಬೆರಳು ತೋರಿಸಿದ್ದು ಗೇಮಿನಲ್ಲಿ ಓಡಾಡೋ ಎರಡು ತಲೆಯ ಹಸುವಿನ ಕಡೆಗೆ. ಅದರ ಹೆಸರು ಬ್ರಾಹ್ಮಿನ್. ಮೊದಲ ಭಾಗದಿಂದಲೂ ಅದೇ ಹೆಸರು. ಅಮೆರಿಕದಲ್ಲಿ ನಿಜವಾಗಿಯೂ ಬ್ರಾಹ್ಮನ್ ಅನ್ನೋ ದನದ ತಳಿ ಇದೆ. ಭಾರತದಿಂದ ಹೋದ ಗಿರ್, ನೆಲ್ಲೂರು ದನಗಳ ಜೊತೆ ನಮ್ಮ ಕೃಷ್ಣಾ ಕಣಿವೆ ತಳಿಯ ರಕ್ತವೂ ಅದರಲ್ಲಿದೆ. ಅಂತೂ ಹೊರಗಿನವರು ಗೇಮ್ ಹೇಗಿದೆ ಅಂತ ಬಡಿದಾಡುತ್ತಿದ್ದರೆ, ನಾವು ಹಸುವಿನ ಹೆಸರಲ್ಲೇ ನಿಂತುಬಿಟ್ಟೆವು.

ಹಳಬರ ದೂರನ್ನು ಬರೀ ಕ್ಯಾಮೆರಾ ಬದಲಾದ ಸಿಟ್ಟು ಅಂತ ತಳ್ಳಿಹಾಕೋದು ಸುಲಭ. ನಾನೂ ಹಾಗೇ ಮಾಡಿದ್ದೆ. ಆದರೆ ಅವರು ಕೇಳಿದ ಒಂದು ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ: ಈ ಜನ ಏನು ತಿಂತಾರೆ? ಯುದ್ಧವಾಗಿ ಇನ್ನೂರು ವರ್ಷ. ಇನ್ನೂ ಪಾಳುಬಿದ್ದ ಸೂಪರ್‌ಮಾರ್ಕೆಟ್‌ಗಳಲ್ಲಿ ಹಳೇ ಡಬ್ಬಿ ಹುಡುಕುತ್ತಿದ್ದಾರೆ. ರಿವೆಟ್ ಸಿಟಿಯ ಲ್ಯಾಬ್‌ನಲ್ಲಿ ಒಂದಿಷ್ಟು ತರಕಾರಿ ಬೆಳೀತಾರೆ, ನಿಜ. ಆದರೆ ಉತ್ತಿದ ಹೊಲ ಎಲ್ಲಿ? ಅದೇ ರಾತ್ರಿಗಳನ್ನು ಕಳೆದ ನನ್ನ ಕಣ್ಣಿಗೇ ಇದು ಬಿದ್ದಿರಲಿಲ್ಲ ಅನ್ನೋದು ನಾಚಿಕೆಯ ವಿಷಯ.

ಇನ್ನೊಂದು ಕೊನೆಯ ದೃಶ್ಯದ್ದು. ನೀರು ಶುದ್ಧಮಾಡುವ ಯಂತ್ರ ಚಾಲೂ ಮಾಡಲು ಯಾರಾದರೂ ವಿಕಿರಣ ತುಂಬಿದ ಕೋಣೆಗೆ ಹೋಗಬೇಕು, ಹೋದವರು ಸಾಯ್ತಾರೆ. ನಿಮ್ಮ ಜೊತೆ ಫಾಕ್ಸ್ ಅನ್ನೋ ದೈತ್ಯ ಇರಬಹುದು, ಅವನಿಗೆ ವಿಕಿರಣ ತಾಗುವುದೇ ಇಲ್ಲ. ಸ್ವಲ್ಪ ಮುಂಚೆ ಇಂಥದ್ದೇ ಕೋಣೆಗೆ ನುಗ್ಗಿ ನಿಮಗಾಗಿ ವಸ್ತು ತಂದುಕೊಟ್ಟವನೂ ಅವನೇ. ಈಗ ಕೇಳಿದರೆ, ಇದು ನಿನ್ನ ವಿಧಿ, ನೀನೇ ಹೋಗಬೇಕು ಅಂತ ಸುಮ್ಮನೆ ನಿಲ್ತಾನೆ. ಮಾನಿಟರ್ ಮುಂದೆ ನಾನು ಅವನಿಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಕಥೆಗೆ ತ್ಯಾಗ ಬೇಕಿತ್ತು, ಅದಕ್ಕೆ ಪಾತ್ರದ ಬುದ್ಧಿಯನ್ನೇ ಕಿತ್ತುಕೊಂಡರು. ಮಾತಲ್ಲೇ ಖಳನನ್ನು ಸೋಲಿಸಬಹುದಾಗಿದ್ದ ಸರಣಿಯಲ್ಲಿ ಇದು! 2009ರ ಮೇನಲ್ಲಿ ಬಂದ ಬ್ರೋಕನ್ ಸ್ಟೀಲ್ ಹೆಚ್ಚುವರಿ ಭಾಗದಲ್ಲಿ ಫಾಕ್ಸ್‌ನನ್ನು ಕಳಿಸಲು ಬಿಟ್ಟರು. ಕಳಿಸಿದರೆ ನಿರೂಪಕ ನಿಮ್ಮನ್ನೇ ಹೇಡಿ ಅನ್ನೋ ಹಾಗೆ ಮಾತಾಡ್ತಾನೆ, ಅದು ಬೇರೆ ಮಾತು.

ಹಾಗಂತ ಹಳಬರದ್ದೇ ಪೂರ್ತಿ ಸರಿ ಅಂತ ನಾನು ಹೇಳಲ್ಲ. ಪಾಳುಮನೆಗೆ ನುಗ್ಗಿದರೆ ಮಂಚದ ಮೇಲೆ ತಬ್ಬಿಕೊಂಡು ಮಲಗಿದ ಎರಡು ಅಸ್ಥಿಪಂಜರ. ಯಾರೂ ಏನೂ ಹೇಳಲ್ಲ, ನೀವೇ ನಿಂತು ಊಹಿಸಬೇಕು. ಆ ಮೌನ ಹಳೇ ಗೇಮುಗಳಲ್ಲಿ ಇರಲಿಲ್ಲ. ಒಬ್ಬರಿಗೆ ಮಾತಿಗೆ ಉತ್ತರ ಕೊಡುವ ಲೋಕ ಬೇಕಿತ್ತು, ಇನ್ನೊಬ್ಬರಿಗೆ ಸುಮ್ಮನೆ ಅಲೆಯಲು ಬಿಡುವ ಲೋಕ. ಎರಡಕ್ಕೂ ಫಾಲ್‌ಔಟ್ ಅಂತಲೇ ಹೆಸರಾದದ್ದು ಜಗಳದ ಮೂಲ.

2010ರಲ್ಲಿ ಬಂದ ಮುಂದಿನ ಗೇಮನ್ನು ಬೆಥೆಸ್ಡಾ ಅಬ್ಸಿಡಿಯನ್‌ಗೆ ಕೊಟ್ಟಿತ್ತು. ಬ್ಲ್ಯಾಕ್ ಐಲ್ ಬಿಟ್ಟವರು ಕಟ್ಟಿದ ಕಂಪನಿ. ಸುಮಾರು ಒಂದೂವರೆ ವರ್ಷದಲ್ಲಿ ಮುಗಿಸಿದ ನ್ಯೂ ವೇಗಸ್‌ನ ನಿರ್ದೇಶಕ ಜೋಶ್ ಸಾಯರ್, ಸತ್ತುಹೋದ ವ್ಯಾನ್ ಬ್ಯೂರೆನ್‌ನಲ್ಲೂ ಕೆಲಸ ಮಾಡಿದ್ದವನು. ಕ್ಯಾಮೆರಾ ಹೊಸತೇ, ಎಂಜಿನ್ ಹೊಸತೇ. ಆದರೆ ಅಲ್ಲಿ ಗೇಣಿದಾರರ ಹೊಲ ಇತ್ತು, ಹೊಲಕ್ಕೆ ನೀರು ಸಾಲದೆ ಬರುವ ತಕರಾರೂ ಇತ್ತು. ಮೆಟಾಕ್ರಿಟಿಕ್‌ನಲ್ಲಿ ಸಿಕ್ಕಿದ್ದು 84. ಬೋನಸ್‌ಗೆ ಬೇಕಿದ್ದದ್ದು 85, ಅಂತ ಕಂಪನಿಯ ಕ್ರಿಸ್ ಅವೆಲ್ಲೋನ್ ಆಮೇಲೆ ಹೇಳಿಕೊಂಡ. ಅಪ್ರೈಸಲ್ ಕಂಡವರಿಗೆ ಈ ನೋವು ವಿವರಿಸಬೇಕಾಗಿಲ್ಲ.

2015ರಲ್ಲಿ ಫಾಲ್‌ಔಟ್ 4 ಬಂತು. ಈ ಸಲ ನೀವೇ ಬೆಳೆ ನೆಡಬಹುದು, ಊರು ಕಟ್ಟಬಹುದು. ಹೊಲ ಸಿಕ್ಕಿತು, ಮಾತು ಹೋಯ್ತು. ಏನೇ ಕೇಳಿದರೂ ನಾಲ್ಕೇ ಉತ್ತರ, ಅದರಲ್ಲೂ ಹೆಚ್ಚಿನವು ಸುತ್ತಿ ಬಳಸಿ 'ಹೂಂ' ಅನ್ನೋದೇ. ಆಫೀಸಿನ ಕ್ಯಾಂಟೀನ್‌ನಲ್ಲಿ ಇದನ್ನೇ ಹಿಡಿದುಕೊಂಡು ಕೂತಿದ್ದೆ. ಮೂರನೇ ಭಾಗದಲ್ಲಾದರೂ ಪೂರ್ತಿ ವಾಕ್ಯ ಇರ್ತಿತ್ತು, ಇದು ಫಾಲ್‌ಔಟೇ ಅಲ್ಲ ಅಂತ ಏನೇನೋ. ಎದುರಿಗಿದ್ದ ಹೊಸ ಹುಡುಗ, ಕಾಲೇಜು ಮುಗಿಸಿ ಆರು ತಿಂಗಳೂ ಆಗಿರಲಿಲ್ಲ, ದೋಸೆ ಮುಗಿಸಿ ಕೈ ಒರೆಸಿಕೊಂಡು, 'ಬ್ರೋ, ನಂಗೆ ಇದೇ ಫಸ್ಟ್ ಫಾಲ್‌ಔಟ್. ನಿನ್ನೆ ರಾತ್ರಿ ನಿದ್ದೆನೇ ಮಾಡಿಲ್ಲ' ಅಂದ.