ಹದ್ದು

ಔರಂಗಾಬಾದಿನ ಚಿಕಲಠಾಣಾದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮರಾಠಿ ಪತ್ರಿಕೆಯಲ್ಲಿ ನನಗೆ ತಟ್ಟನೆ ಅರ್ಥವಾದ ಮಾತು ‘ಠಾಣ್ಯಾಚ್ಯಾ ಹದ್ದೀತ್’. ಠಾಣೆಯ ಹದ್ದಿನಲ್ಲಿ. ಕಲಬುರಗಿಯವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮೂರೂ ಔರಂಗಾಬಾದೂ 1948ರವರೆಗೆ ಒಂದೇ ನಿಜಾಮನ ಆಳ್ವಿಕೆಯಲ್ಲಿದ್ದವು. 1956ರಲ್ಲಿ ರಾಜ್ಯಗಳ ಗೆರೆ ಬೇರೆಯಾಯಿತು, ಕಚೇರಿಯ ಮಾತು ಎರಡೂ ಕಡೆ ಉಳಿಯಿತು. ‘ಠಾಣಾ’ ಕೂಡ ಪರಕೀಯವಲ್ಲ. ಅದರ ಮೂಲವಾದ ಸಂಸ್ಕೃತದ ‘ಸ್ಥಾನ’ವೇ ನಮ್ಮಲ್ಲಿ ‘ತಾಣ’ವಾಗಿದೆ.

ಹದ್ದು ಅರಬ್ಬಿಯ ‘ಹದ್ದ್’. ಅಂಚು, ಕತ್ತಿಯ ಅಲಗು ಎಂದು ಅದರ ಅರ್ಥ. ಕಬ್ಬಿಣಕ್ಕೆ ಅರಬ್ಬರು ಹೇಳುವ ‘ಹದೀದ್’ ಇದೇ ಧಾತುವಿನದು. ಫಾರಸಿಯಲ್ಲಿ ‘ಸರ್‌ಹದ್ದ್’ ಆಗಿ, ನಮ್ಮಲ್ಲಿ ಸರಹದ್ದು ಆಯಿತು. ಆಕಾಶದಲ್ಲಿ ಸುತ್ತುವ ಹದ್ದಿಗೂ ಇದಕ್ಕೂ ನಂಟಿಲ್ಲ. ಅದು ಹಳಗನ್ನಡದ ಪರ್ದು, ತಮಿಳಿನ ಪರುಂದು.

ಅರಬ್ಬಿ ತರ್ಕಶಾಸ್ತ್ರದಲ್ಲಿ ‘ವ್ಯಾಖ್ಯೆ’ಗೂ ಹದ್ದ್ ಎಂದೇ ಹೆಸರು. ಇಬ್ನ್ ಸೀನಾ ಬರೆದ ‘ಕಿತಾಬ್ ಅಲ್-ಹುದೂದ್’ ವ್ಯಾಖ್ಯೆಗಳ ಪುಸ್ತಕ. ಒಂದು ವಸ್ತು ಎಲ್ಲಿಗೆ ಮುಗಿಯುತ್ತದೆ ಎಂದು ಸರಿಯಾಗಿ ಹೇಳಿದರೆ ಅದು ಏನೆಂದೂ ಹೇಳಿದಂತಾಯಿತು ಎಂಬ ಈ ತಿಳಿವು ನನಗೆ ಬಹಳ ಪ್ರಿಯ.

ನಮ್ಮ ರೈತರ ಬಾಯಲ್ಲಿ ಈ ಪದ ‘ಹದ್ದುಬಸ್ತು’ ಆಗಿ ಇಂದಿಗೂ ಜೀವಂತ. ‘ಬಸ್ತ್’ ಎಂದರೆ ಫಾರಸಿಯಲ್ಲಿ ಕಟ್ಟಿದ್ದು. ಬಂದೋಬಸ್ತಿನಲ್ಲಿ ಇರುವುದೂ ಅದೇ. ಅರ್ಜಿ ಕೊಟ್ಟರೆ ಭೂಮಾಪಕರು ಬರುತ್ತಾರೆ, ಬಾಜೂ ಹೊಲದವರಿಗೆ ನೋಟಿಸು ಹೋಗುತ್ತದೆ, ಹಳೆಯ ಟಿಪ್ಪಣಿ ಬಿಚ್ಚಿ ಅಳೆದು ಕಲ್ಲು ನೆಡುತ್ತಾರೆ. ಟಿಪ್ಪಣಿ ಇಲ್ಲದಿದ್ದರೆ ಕಲ್ಲು ಬರೀ ಕಲ್ಲು.

ಸರ್ವರ್ ನೋಡಿಕೊಳ್ಳುವ ನನ್ನ ಕೆಲಸದಲ್ಲಿ ಆ ಟಿಪ್ಪಣಿ ಎಂದರೆ ಲಿನಕ್ಸಿನ ಕೈಪಿಡಿ. ಲಿನಕ್ಸಿಗೆ ಮಾದರಿಯಾದ ಯುನಿಕ್ಸಿನ ಮೊದಲ ಕೈಪಿಡಿಯ ಮೇಲಿರುವ ದಿನಾಂಕ 1971ರ ನವೆಂಬರ್ 3. ಪ್ರೋಗ್ರಾಮುಗಳು ವ್ಯವಸ್ಥೆಯ ತಿರುಳಾದ ಕರ್ನೆಲ್ಲಿಗೆ ಸಲ್ಲಿಸುವ ಕೋರಿಕೆಗಳು, ಅಂದರೆ ಸಿಸ್ಟಮ್ ಕಾಲ್‌ಗಳು, ಅದರ ಎರಡನೆಯ ಭಾಗದಲ್ಲಿವೆ. ಒಂದು ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಮು, ಏನನ್ನು ಎಷ್ಟು ಬಳಸಬಹುದು ಎಂದು ಕಟ್ಟಿಹಾಕುವ ‘ಸೆಟ್‌ಆರ್‌ಲಿಮಿಟ್’ ಬಂದದ್ದು 1983ರ ಬರ್ಕ್ಲಿ ಯುನಿಕ್ಸ್ 4.2ರಲ್ಲಿ.

ಒಂದು ರಾತ್ರಿ ಪಾಳಿಯಲ್ಲಿ ಸರ್ವರ್ ‘ಟೂ ಮೆನಿ ಓಪನ್ ಫೈಲ್ಸ್’ ಎಂದು ಕೈಚೆಲ್ಲಿತು. ಮಿತಿ 1024. ಬೀದರ ಕಡೆಯ ಹುಡುಗ ಪರದೆ ನೋಡುತ್ತಾ ಕೇಳಿದ: “ಸರ್, ಕಲ್ಲು ನಮ್ ಹೊಲ್ದಾಗ ಅದಾ, ಬಾಜೂ ಹೊಲ್ದಾಗ ಅದಾ?” ಎಷ್ಟು ಸರಿಯಾದ ಪ್ರಶ್ನೆ! ಕೈಪಿಡಿ ಅದಕ್ಕೆ ಉತ್ತರ ಕೊಡುತ್ತದೆ: ಆ ಅಂಕಿ ತೆರೆಯಬಹುದಾದ ಅತಿ ದೊಡ್ಡ ಫೈಲ್ ಸಂಖ್ಯೆಗಿಂತ ಒಂದು ಹೆಚ್ಚು. ಎಣಿಕೆ ಸೊನ್ನೆಯಿಂದ, ಕೊನೆಯದು 1023. ಕಲ್ಲು ಆಚೆ ಹೊಲದಲ್ಲಿದೆ.

ಪ್ರೊಸೆಸ್‌ಗಳ ಸಂಖ್ಯೆಯ ಮಿತಿ ಇನ್ನೂ ತೊಡಕಿನದು. ಹೆಸರು ನೋಡಿದರೆ ಪ್ರೊಸೆಸ್‌ಗಳ ಲೆಕ್ಕವೆನಿಸುತ್ತದೆ. ಆದರೆ ಲಿನಕ್ಸ್ ಎಣಿಸುವುದು ಪ್ರೊಸೆಸ್‌ಗಳೊಳಗೆ ಓಡುವ ಎಳೆಗಳನ್ನು, ಅಂದರೆ ಥ್ರೆಡ್‌ಗಳನ್ನು, ಅದೂ ಒಬ್ಬ ಬಳಕೆದಾರನ ಹೆಸರಿನಲ್ಲಿರುವ ಎಲ್ಲವನ್ನೂ ಸೇರಿಸಿ. ಕೈಪಿಡಿ ‘ಪ್ರೊಸೆಸ್’ ಎಂದು ಬರೆದು ಪಕ್ಕದಲ್ಲೇ, ಖಚಿತವಾಗಿ ಹೇಳಬೇಕೆಂದರೆ ಲಿನಕ್ಸಿನಲ್ಲಿ ಥ್ರೆಡ್ ಎಂದು ತಿದ್ದಿಕೊಳ್ಳುತ್ತದೆ. ಅಷ್ಟು ಚಿಕ್ಕ ತಿದ್ದುಪಡಿ ಎಷ್ಟು ಜನರ ನಿದ್ದೆ ಉಳಿಸಿದೆಯೋ! 2004ರಿಂದ ಬಹುಕಾಲ ಈ ಪುಟಗಳನ್ನು ನೋಡಿಕೊಂಡ ಮೈಕೆಲ್ ಕೆರಿಸ್ಕ್, ಅವರ ನಂತರ ಅಲೆಹಾಂಡ್ರೊ ಕೊಲೊಮಾರ್ ಮಾಡಿದ್ದು ಹದ್ದುಬಸ್ತಿನ ಕೆಲಸವೇ. ಕೋಡ್ ಬರೆದವರಿಗೆ ಸಿಗುವ ಗೌರವ ಇವರಿಗೂ ಸಲ್ಲಬೇಕು.

ಪಾಳಿಯ ಹುಡುಗರಿಗಾಗಿ ನಾನು ಕನ್ನಡದಲ್ಲಿ ಟಿಪ್ಪಣಿ ಬರೆಯತೊಡಗಿದಾಗ ‘ಸಾಫ್ಟ್ ಲಿಮಿಟ್’, ‘ಹಾರ್ಡ್ ಲಿಮಿಟ್’ ಎರಡನ್ನೂ ಮಿತಿ ಎಂದರೆ ಸಾಲದು ಎನಿಸಿತು. ಮಿತಿ ‘ಮಾ’ ಧಾತುವಿನದು, ಅಳತೆಗೆ ಸಂಬಂಧಿಸಿದ್ದು. ಮಿತಾಹಾರದ ಹಾಗೆ ನಾವೇ ಹಾಕಿಕೊಳ್ಳುವಂಥದು. ಸಾಫ್ಟ್ ಲಿಮಿಟ್ ಹಾಗೆಯೇ: ಪ್ರೊಸೆಸ್ ತಾನೇ ಇಳಿಸಬಹುದು, ಮತ್ತೆ ಏರಿಸಬಹುದು, ಹಾರ್ಡ್ ಲಿಮಿಟ್ ಮುಟ್ಟುವವರೆಗೆ. ಹಾರ್ಡ್ ಲಿಮಿಟನ್ನು ಸಾಮಾನ್ಯ ಪ್ರೊಸೆಸ್ ಒಮ್ಮೆ ಇಳಿಸಿದರೆ ಮುಗಿಯಿತು, ತಾನಾಗಿ ಮತ್ತೆ ಏರಿಸಲಾರದು. ಅದರ ಮಕ್ಕಳಿಗೂ ಅದೇ ಬಳುವಳಿ. ಆ ಸಾಲಿನ ಮುಂದೆ ‘ಹದ್ದು’ ಎಂದು ಬರೆದೆ.