ಒಂದು ಸೋಲಿಗೆ ಮುಗಿಯುವ ಋತು

ಬೆಂಗಳೂರಿನಿಂದ ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ ಹಾದು ಬರುವ ಹೆದ್ದಾರಿ ಕಾವೇರಿ ದಾಟಿ ಸತ್ತೇಗಾಲದ ಹ್ಯಾಂಡ್‌ಪೋಸ್ಟ್ ಮುಟ್ಟುತ್ತದೆ. ಅಲ್ಲಿಂದ ಮುಂದೆ ಕೊಳ್ಳೇಗಾಲ. ಇದೇ ಹೆದ್ದಾರಿಯಲ್ಲಿ ಕನಕಪುರಕ್ಕೆ ಮೊದಲು, ಜಕ್ಕಸಂದ್ರದ ಬಳಿ, ಜೈನ್ ವಿಶ್ವವಿದ್ಯಾಲಯದ ದೊಡ್ಡ ಕ್ಯಾಂಪಸ್ ಇದೆ. 2022ರ ಏಪ್ರಿಲ್ 24ರಿಂದ ಮೇ 3ರವರೆಗೆ ನಡೆದ ಎರಡನೆಯ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಆತಿಥ್ಯ ಈ ವಿಶ್ವವಿದ್ಯಾಲಯದ್ದು. 20 ಚಿನ್ನ, 7 ಬೆಳ್ಳಿ, 5 ಕಂಚು ಗೆದ್ದು ಸಮಗ್ರ ಪ್ರಶಸ್ತಿ ಪಡೆದದ್ದೂ ಅದೇ. ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಬಂದರೆ ಕೊಳ್ಳೇಗಾಲದ ಎಂಜಿಎಸ್‌ವಿ ಕಾಲೇಜಿನ ಮೈದಾನವಿದೆ, ಮಹದೇಶ್ವರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ, ಜೆಎಸ್‌ಎಸ್ ಮಹಿಳಾ ಕಾಲೇಜಿದೆ. ಸತ್ತೇಗಾಲ ಮತ್ತು ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರು ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು ಇಲ್ಲಿಗೆ. ಕಾಲೇಜು ಕ್ರೀಡೆಯ ಎರಡು ಲೋಕಗಳು ಒಂದೇ ರಸ್ತೆಯ ಮೇಲಿವೆ. ಅವುಗಳ ನಡುವಿನ ಅಂತರವನ್ನು ಬರೀ ಹಣದಿಂದ ಅಳೆಯಲಾಗದು.

ಊರ ಕಡೆಯ ಕಾಲೇಜಿನ ಒಂದು ಕಬಡ್ಡಿ ತಂಡದ ವರ್ಷವನ್ನೇ ನೋಡಿ. ತರಗತಿ ಶುರುವಾಗಿ ಕೆಲವು ವಾರಗಳಾದ ಮೇಲೆ ದೈಹಿಕ ಶಿಕ್ಷಣ ನಿರ್ದೇಶಕರು ಸೂಚನಾ ಫಲಕಕ್ಕೆ ಒಂದು ಹಾಳೆ ಅಂಟಿಸುತ್ತಾರೆ. ಆಯ್ಕೆ ನಡೆಯುತ್ತದೆ. ಹನ್ನೆರಡು ಮಂದಿ ಸಂಜೆ ಹೊತ್ತು ಸ್ವಲ್ಪ ದಿನ ಅಭ್ಯಾಸ ಮಾಡುತ್ತಾರೆ. ದೂರದ ಊರಿನವರು ಕೊನೆಯ ಬಸ್ಸಿನ ಭಯಕ್ಕೆ ಅಭ್ಯಾಸ ಅರ್ಧಕ್ಕೇ ಬಿಟ್ಟು ಓಡುತ್ತಾರೆ. ಆಮೇಲೆ ಅಂತರ ಕಾಲೇಜು ಪಂದ್ಯಾವಳಿ, ನಾಕೌಟ್ ಪದ್ಧತಿಯಲ್ಲಿ. ಬೆಳಿಗ್ಗೆ ಹತ್ತು ಗಂಟೆಗೆ ಮೊದಲ ಪಂದ್ಯ ಸೋತರೆ ಹನ್ನೊಂದಕ್ಕೆ ಆ ತಂಡದ ವರ್ಷವೇ ಮುಗಿಯಿತು. ಗೆದ್ದ ತಂಡಕ್ಕೂ ಎರಡು ದಿನ. ಅದರಲ್ಲಿ ಮಿಂಚಿದ ಒಬ್ಬಿಬ್ಬರು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ‘ಯೂನಿವರ್ಸಿಟಿ ಬ್ಲೂ’ ಅನ್ನಿಸಿಕೊಳ್ಳುತ್ತಾರೆ, ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ರೈಲು ಹತ್ತುತ್ತಾರೆ. ಉಳಿದವರ ಕಿಟ್ ಬ್ಯಾಗು ಮುಂದಿನ ವರ್ಷದವರೆಗೆ ಅಟ್ಟ ಸೇರುತ್ತದೆ. ಮೂರು ವರ್ಷದ ಪದವಿಯಲ್ಲಿ ಇಂಥ ಮೂರು ಅವಕಾಶ. ನಮ್ಮ ಕಾಲೇಜು ಕ್ರೀಡೆಯಲ್ಲಿ ಪಂದ್ಯಾವಳಿಗಳಿವೆ, ಟ್ರೋಫಿಗಳಿವೆ, ಪ್ರಮಾಣಪತ್ರಗಳಿವೆ. ಋತು ಎಂಬುದೊಂದು ಇಲ್ಲ.

ಈ ವ್ಯವಸ್ಥೆ ಹೀಗೇಕೆ ಆಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರ ಜುಲೈನಲ್ಲಿ. ಆಗ ಕೊಳ್ಳೇಗಾಲ ಮೈಸೂರು ಸಂಸ್ಥಾನದ್ದಲ್ಲ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯದು. ಹೊಳೆಯ ಆಚೆ ಮಳವಳ್ಳಿ ಮೈಸೂರು, ಈಚೆ ಸತ್ತೇಗಾಲ ಮದ್ರಾಸು. ವ್ಯಾಯಾಮ ಶಿಕ್ಷಣವನ್ನು ಒಂದು ವೃತ್ತಿಯಾಗಿ ಕಲಿಸುವ ಕೆಲಸ ದಕ್ಷಿಣದಲ್ಲಿ ಶುರುವಾದದ್ದೂ ಮದ್ರಾಸಿನಲ್ಲೇ: 1920ರಲ್ಲಿ ಎಚ್. ಸಿ. ಬಕ್ ಎಂಬ ಅಮೆರಿಕನ್ನರು ಅಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಕಟ್ಟಿದರು. 1925ರಲ್ಲಿ ದೇಶದ ವಿಶ್ವವಿದ್ಯಾಲಯಗಳೆಲ್ಲ ಸೇರಿ ಅಂತರ ವಿಶ್ವವಿದ್ಯಾಲಯ ಮಂಡಳಿ ಮಾಡಿಕೊಂಡವು. ಇಂದಿನ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಅದರದೇ ಮುಂದುವರಿಕೆ. 1935ರಲ್ಲಿ ಕ್ರಿಕೆಟ್‌ಗೆ ರೋಹಿಂಟನ್ ಬಾರಿಯಾ ಟ್ರೋಫಿ ಬಂತು, 1940ರ ದಶಕದ ಆರಂಭದಲ್ಲಿ ಬೇರೆ ಆಟಗಳ ಅಂತರ ವಿಶ್ವವಿದ್ಯಾಲಯ ಪಂದ್ಯಗಳೂ ನೆಲೆಗೊಂಡವು. ಎಲ್ಲ ಆಟಗಳಲ್ಲಿ ಒಟ್ಟಾರೆ ಮೇಲುಗೈ ಸಾಧಿಸಿದ ವಿಶ್ವವಿದ್ಯಾಲಯಕ್ಕೆ ಕೊಡುವ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ ಆರಂಭವಾದದ್ದು 1956–57ರಲ್ಲಿ. ಕೊಳ್ಳೇಗಾಲ ಭಾಷಾವಾರು ರಾಜ್ಯಕ್ಕೆ ಸೇರಿ ಮೈಸೂರಿಗೆ ಬಂದದ್ದೂ 1956ರ ನವೆಂಬರ್‌ನಲ್ಲೇ.

ಅಂದರೆ ಚೌಕಟ್ಟು ಕಟ್ಟಿದ್ದು ಮೇಲಿನಿಂದ ಕೆಳಕ್ಕೆ. ಮೊದಲು ದೇಶದ ಟ್ರೋಫಿ, ಆಮೇಲೆ ವಲಯ, ಆಮೇಲೆ ವಿಶ್ವವಿದ್ಯಾಲಯ, ಕಡೆಗೆ ಕಾಲೇಜು. ಕಾಲೇಜಿನ ಪಂದ್ಯಾವಳಿಗೆ ಇದ್ದ ಮುಖ್ಯ ಕೆಲಸ ಮೇಲಿನ ತಂಡಕ್ಕೆ ಆಳು ಆರಿಸಿ ಕೊಡುವುದು. ರೈಲು, ಊಟ, ವಸತಿ ಎಲ್ಲದಕ್ಕೂ ಪರದಾಡುತ್ತಿದ್ದ ಕಾಲದಲ್ಲಿ ಎರಡು ದಿನದ ನಾಕೌಟ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ, ಅದನ್ನು ತಪ್ಪೆನ್ನಲಾರೆ. ಆದರೆ ಆ ಕಾಲದ ಅನಿವಾರ್ಯ ಈ ಕಾಲದ ಅಭ್ಯಾಸವಾಗಿ ಉಳಿದುಬಿಟ್ಟಿತು.

ವಿಶ್ವವಿದ್ಯಾಲಯಗಳು ಒಡೆಯುತ್ತಾ ಹೋದಂತೆ ತಂಡಗಳೂ ಒಡೆದವು. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು. ಮಂಗಳೂರಿನ ಜೊತೆಗೆ ಹಾಕಿಯ ತವರಾದ ಕೊಡಗಿನ ಕಾಲೇಜುಗಳೂ ಮೈಸೂರಿನ ಕೈಬಿಟ್ಟು ಹೋದವು. 2023ರಲ್ಲಿ ಕೊಡಗಿಗೂ ಚಾಮರಾಜನಗರಕ್ಕೂ ಅವುಗಳದೇ ವಿಶ್ವವಿದ್ಯಾಲಯ ಬಂತು. ಬೇಡರಪುರದ ಸುವರ್ಣ ಗಂಗೋತ್ರಿ ಆವರಣದಿಂದ ನಡೆಯುವ ಚಾಮರಾಜನಗರ ವಿಶ್ವವಿದ್ಯಾಲಯದಲ್ಲಿ ಇರುವುದು ಒಂದೇ ಜಿಲ್ಲೆಯ ಕಾಲೇಜುಗಳು. ಇದರಲ್ಲಿ ಒಂದು ಒಳ್ಳೆಯದಿದೆ: ಮೈಸೂರು ನಗರದ ದೊಡ್ಡ ಕಾಲೇಜುಗಳ ಎದುರು ಮೊದಲ ಸುತ್ತಿನಲ್ಲೇ ಸೋತು ಬರುತ್ತಿದ್ದ ಹನೂರಿನ ಹುಡುಗನಿಗೆ ವಿಶ್ವವಿದ್ಯಾಲಯದ ಜೆರ್ಸಿ ತೊಡುವ ದಾರಿ ಹತ್ತಿರವಾಯಿತು. ಕೆಟ್ಟದ್ದೂ ಇದೆ. ಎದುರಾಳಿಗಳೇ ಕಡಿಮೆಯಾದರೆ ಮೊದಲೇ ಚಿಕ್ಕದಾಗಿದ್ದ ಪಂದ್ಯಾವಳಿ ಇನ್ನೂ ಚಿಕ್ಕದಾಗುತ್ತದೆ.

ಋತು ಎಂದರೆ ಏನು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ಉದಾಹರಣೆ ಅಮೆರಿಕದ ಕಾಲೇಜು ಐಸ್ ಹಾಕಿ. ನಮ್ಮ ಸೀಮೆಯಿಂದ ಅದಕ್ಕಿಂತ ದೂರದ ಆಟ ಇನ್ನೊಂದಿರಲಾರದು. ನಮ್ಮ ದೇಶದಲ್ಲಿ ಅದು ಮುಖ್ಯವಾಗಿ ಚಳಿಗಾಲದಲ್ಲಿ ಹೆಪ್ಪುಗಟ್ಟುವ ಲಡಾಖಿನ ಕೆರೆಗಳ ಆಟ. ಅಲ್ಲಿ ಬೆಳೆದ ಹೆಣ್ಣುಮಕ್ಕಳೇ ಹೆಚ್ಚಾಗಿರುವ ಭಾರತದ ಮಹಿಳಾ ತಂಡ 2025ರಲ್ಲಿ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ಅಮೆರಿಕದಲ್ಲಿ ಯೇಲ್ ಮತ್ತು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಗಳ ತಂಡಗಳು ಮೊದಲ ಅಂತರ ಕಾಲೇಜು ಪಂದ್ಯ ಆಡಿದ್ದು 1896ರಲ್ಲಿ. ರಾಷ್ಟ್ರೀಯ ಪ್ರಶಸ್ತಿಯ ಟೂರ್ನಿ ಬಂದದ್ದು 1948ರಲ್ಲಿ, ಅಂದರೆ ಅರ್ಧ ಶತಮಾನದ ನಂತರ. ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ನಡೆದ ಆ ಮೊದಲ ಟೂರ್ನಿಯನ್ನು ಮಿಷಿಗನ್ ಗೆದ್ದಿತು. ಅಲ್ಲಿ ಕ್ರಮ ನಮಗಿಂತ ತಿರುಗುಮುರುಗು: ಮೊದಲು ನೆರೆಯ ಕಾಲೇಜುಗಳ ನಡುವಿನ ಜಿದ್ದು, ಆಮೇಲೆ ಪ್ರಾದೇಶಿಕ ಒಕ್ಕೂಟ, ಎಲ್ಲಕ್ಕಿಂತ ಕೊನೆಗೆ ದೇಶದ ಕಪ್ಪು.

ಈಗ ಅಲ್ಲಿ ಮೇಲ್ದರ್ಜೆಯ ಪುರುಷರ ತಂಡಗಳು ಅರವತ್ತಕ್ಕೂ ಹೆಚ್ಚು. ಅಕ್ಟೋಬರ್‌ನಲ್ಲಿ ಶುರುವಾದರೆ ಮುಗಿಯುವುದು ಏಪ್ರಿಲ್‌ನಲ್ಲಿ. ಸಾಮಾನ್ಯವಾಗಿ ಶುಕ್ರವಾರ ಒಂದು, ಶನಿವಾರ ಒಂದು, ಅದೇ ಎದುರಾಳಿಯ ಮೇಲೆ. ನಿನ್ನೆ ಸೋತವರು ಇಂದು ಅದೇ ಮಂಜಿನ ಮೇಲೆ ಲೆಕ್ಕ ತೀರಿಸಬಹುದು. ಒಂದು ತಂಡಕ್ಕೆ ಮೂವತ್ತಕ್ಕೂ ಹೆಚ್ಚು ಪಂದ್ಯ ಸಿಗುತ್ತದೆ. ಅದಾದ ಮೇಲಷ್ಟೇ ಹದಿನಾರು ತಂಡಗಳ ನಾಕೌಟ್. 2025ರ ಏಪ್ರಿಲ್ 12ರಂದು ಸೇಂಟ್ ಲೂಯಿಸ್‌ನ ಫೈನಲ್‌ನಲ್ಲಿ ವೆಸ್ಟರ್ನ್ ಮಿಷಿಗನ್ ತಂಡ ಬಾಸ್ಟನ್ ವಿಶ್ವವಿದ್ಯಾಲಯವನ್ನು 6–2ರಿಂದ ಸೋಲಿಸಿ ತನ್ನ ಮೊದಲ ಪ್ರಶಸ್ತಿ ಗೆದ್ದಿತು. ಹಿಂದಿನ ವರ್ಷ ಡೆನ್ವರ್ ಗೆದ್ದದ್ದು ಅದರ ಹತ್ತನೆಯದು. ಅವರಲ್ಲಿರುವ ಹಣ, ಒಳಾಂಗಣ, ಟಿವಿ ಹಕ್ಕು ನಮಗೆ ಬೇಕಿಲ್ಲ, ಬರುವುದೂ ಇಲ್ಲ. ಆದರೆ ಸೋತ ಮರುದಿನ ಇನ್ನೊಂದು ಪಂದ್ಯ ಇರಬೇಕು ಎಂಬ ಏರ್ಪಾಡಿಗೆ ಮಂಜುಗಡ್ಡೆ ಬೇಕಾಗಿಲ್ಲ.

ಆ ಏರ್ಪಾಡಿನ ಫಲ ಲೋಕಕ್ಕೆ ಕಂಡದ್ದು 1980ರ ಫೆಬ್ರುವರಿ 22ರಂದು. ಲೇಕ್ ಪ್ಲಾಸಿಡ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಕೋಚ್ ಹರ್ಬ್ ಬ್ರೂಕ್ಸ್ ಕಟ್ಟಿದ, ಬಹುಪಾಲು ಕಾಲೇಜು ಹುಡುಗರಿದ್ದ ಅಮೆರಿಕ ತಂಡ ಬಲಾಢ್ಯ ಸೋವಿಯತ್ ತಂಡವನ್ನು 4–3ರಿಂದ ಸೋಲಿಸಿತು. ಅದೇ ವರ್ಷ ಜುಲೈ 29ರಂದು ಮಾಸ್ಕೋದಲ್ಲಿ ನಮ್ಮ ಹಾಕಿ ತಂಡ ಸ್ಪೇನನ್ನು ಸೋಲಿಸಿ ಚಿನ್ನ ಗೆದ್ದದ್ದೂ 4–3ರಿಂದಲೇ. ಆ ತಂಡದಲ್ಲಿ ಕೊಡಗಿನ ಎಂ. ಎಂ. ಸೋಮಯ್ಯ ಇದ್ದರು. ಅಮೆರಿಕನ್ನರು ಆ ಗೆಲುವಿನ ಬೇರನ್ನು ಕಾಲೇಜುಗಳಲ್ಲಿ ಗುರುತಿಸುತ್ತಾರೆ. ನಮ್ಮ ಗೆಲುವಿನ ಬೇರು ಎಲ್ಲಿತ್ತು ಎಂದು ಹುಡುಕಿದರೆ ಕೊಡಗಿನ ಮಟ್ಟಿಗೆ ಉತ್ತರ ಸೇನೆ, ಊರಿನ ಮೈದಾನ ಮತ್ತು ಒಕ್ಕ, ಅಂದರೆ ಕೊಡವ ಮನೆತನ.

ಕೊಡಗಿನ ಕಥೆಯನ್ನು ಹೆಚ್ಚು ಜನ ಹಬ್ಬದ ಕಥೆಯಾಗಿ ಓದುತ್ತಾರೆ. ನನಗೆ ಅದು ವ್ಯವಸ್ಥೆಯ ಕಥೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದಾಗ ಬಂದದ್ದು 60 ತಂಡ. ನಿಯಮ ಸರಳ: ಒಂದು ತಂಡದಲ್ಲಿ ಆಡುವವರೆಲ್ಲ ಒಂದೇ ಒಕ್ಕದವರು. ಪ್ರತಿವರ್ಷ ಬೇರೊಂದು ಒಕ್ಕ ಆತಿಥ್ಯ ವಹಿಸುತ್ತದೆ, ಕಪ್ಪಿಗೆ ಆ ಮನೆತನದ ಹೆಸರು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡ ಬಂದು ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಒಂದು ಪುಟ್ಟ ಜಿಲ್ಲೆಯ ಒಂದು ಸಮುದಾಯದಿಂದ ಇಷ್ಟು ತಂಡ!

ಇದೂ ನಾಕೌಟ್ ಅಲ್ಲವೇ ಎಂದು ಕೇಳಬಹುದು. ಹೌದು. ಮೊದಲ ಪಂದ್ಯ ಸೋತ ಒಕ್ಕವೂ ಮನೆಗೆ ಹೋಗುತ್ತದೆ. ಆದರೆ ಆಟಗಾರನಿಗೂ ತಂಡಕ್ಕೂ ಇರುವ ನಂಟು ಅಂದು ಮುಗಿಯುವುದಿಲ್ಲ. ಪದವಿ ಮುಗಿದರೆ ಕಾಲೇಜು ತಂಡ ಕೈಬಿಡುತ್ತದೆ, ಇಪ್ಪತ್ತೈದು ದಾಟಿದರೆ ವಿಶ್ವವಿದ್ಯಾಲಯ ತಂಡ ಕೈಬಿಡುತ್ತದೆ, ಒಕ್ಕ ಯಾರನ್ನೂ ಕೈಬಿಡುವುದಿಲ್ಲ. ಅಜ್ಜನೂ ಮೊಮ್ಮಗನೂ, ಕೆಲವು ತಂಡಗಳಲ್ಲಿ ಅತ್ತೆ ಸೊಸೆಯರೂ ಒಂದೇ ಬಣ್ಣದ ಅಂಗಿ ತೊಟ್ಟು ಇಳಿಯುತ್ತಾರೆ. ಮುಂದಿನ ಬೇಸಿಗೆಗೆ ಮತ್ತೆ ಆಟ ಇದ್ದೇ ಇದೆ ಎಂದು ಹತ್ತು ವರ್ಷದ ಹುಡುಗನಿಗೂ ಗೊತ್ತು, ಹಾಗಾಗಿ ಮನೆಯ ಮೂಲೆಯಲ್ಲಿ ಸ್ಟಿಕ್ ಇರುತ್ತದೆ. ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎ. ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ವಿ. ಆರ್. ರಘುನಾಥ್, ಎಸ್. ವಿ. ಸುನಿಲ್ ಮುಂತಾದ ಹೆಸರುಗಳ ಸಾಲು ಒಂದೇ ಸೀಮೆಯಿಂದ ಬಂದದ್ದಕ್ಕೆ ಪಂದ್ಯಾವಳಿಯೊಂದೇ ಕಾರಣವಲ್ಲ, ಇವರಲ್ಲಿ ಹಲವರು ಅದಕ್ಕಿಂತ ಹಿಂದಿನವರು. ಆಟವನ್ನು ಮನೆಯ ಮಾತಾಗಿ ಇಟ್ಟುಕೊಂಡ ಸೀಮೆಯಲ್ಲಿ ಪಂದ್ಯಾವಳಿಯೂ ಹಾಗೇ ಹುಟ್ಟಿತು.

ನಮ್ಮ ಕಡೆಗೆ ಇನ್ನೂ ಹತ್ತಿರದ ಸಾಕ್ಷಿ ಬೇಕೆಂದರೆ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಇದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಮಹಿಳೆಯರ ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದ ಭಾರತ ತಂಡದಲ್ಲಿ ಆ ಊರಿನ ಬಿ. ಚೈತ್ರಾ ಇದ್ದರು, ಫೈನಲ್‌ನಲ್ಲಿ ಎದ್ದು ಕಾಣುವ ಹಾಗೆ ಆಡಿದರು. ಪುರುಷರ ತಂಡದಲ್ಲಿ ಕರ್ನಾಟಕದ ಎಂ. ಕೆ. ಗೌತಮ್ ಇದ್ದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗಳ ಲೆಕ್ಕದಲ್ಲಿ ಬಹುಮಾನ ಘೋಷಿಸಿದಾಗ ನಮ್ಮ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ಘೋಷಿಸಿತು, ಅವರು ಅದನ್ನು ಒಪ್ಪಲಿಲ್ಲ. ಆ ನಿಲುವು ನನಗೆ ನ್ಯಾಯವಾಗಿ ಕಂಡಿತು. ಆದರೂ ಬಹುಮಾನದ ಚರ್ಚೆಯ ಗದ್ದಲದಲ್ಲಿ ದೊಡ್ಡ ವಿಷಯ ಮರೆಯಾಯಿತು. ಬೆಲೆಬಾಳುವ ಒಳಾಂಗಣ ಇಲ್ಲದ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳು ಖೋ ಖೋ ಕಂಬದ ನಡುವೆ ವರ್ಷವಿಡೀ ಓಡಿದ್ದರಿಂದ ವಿಶ್ವಕಪ್ ಗೆಲ್ಲುವ ಕಾಲು ತಯಾರಾಯಿತು.

ಮೂಡುಬಿದಿರೆಯ ದಾರಿ ಬೇರೆ. ಎಂ. ಮೋಹನ ಆಳ್ವ ಅವರ ಸಂಸ್ಥೆ ನಾಡಿನ ಮೂಲೆ ಮೂಲೆಯ ಓಟಗಾರರನ್ನು ಕರೆತಂದು ಹಾಸ್ಟೆಲ್, ಊಟ, ತರಬೇತಿ ಕೊಟ್ಟು ಮಂಗಳೂರು ವಿಶ್ವವಿದ್ಯಾಲಯಕ್ಕೆ ಅಥ್ಲೆಟಿಕ್ಸ್‌ನಲ್ಲಿ ದೇಶಮಟ್ಟದ ಹೆಸರು ತಂದಿತು. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟವೇ ಅಲ್ಲಿನ ಸ್ವರಾಜ್ಯ ಮೈದಾನಕ್ಕೆ ಬಂತು. ಈ ಮಾದರಿ ಬಡ ಮನೆಯ ಅನೇಕ ಮಕ್ಕಳ ಬದುಕು ಬದಲಿಸಿದೆ. ಆದರೆ ಅದು ಪ್ರತಿಭೆಯನ್ನು ಊರಿನಿಂದ ಎತ್ತಿಕೊಂಡು ಹೋಗುವ ಮಾದರಿ. ಊರಲ್ಲೇ ಉಳಿದು ಓದುವ, ಬೆಳಿಗ್ಗೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಕಾಲೇಜಿಗೆ ಬರುವ ಹುಡುಗಿಗೆ ಅದರಲ್ಲಿ ಜಾಗವಿಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಆಟದ ಹಸಿವಿಗೇನೂ ಬರವಿಲ್ಲ. ಜಾತ್ರೆ, ಹಬ್ಬ, ಜಯಂತಿಗಳ ನೆಪದಲ್ಲಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಗಳು ನಡೆಯುತ್ತವೆ. ಮೊದಲ ಬಹುಮಾನ ನಗದು ಮತ್ತು ಟ್ರೋಫಿ, ಕೆಲವೊಮ್ಮೆ ಟಗರು. ಬೆಳಗಿನ ಜಾವದವರೆಗೂ ಜನ ಕದಲುವುದಿಲ್ಲ. ಕಾಲೇಜಿನಲ್ಲಿ ಎರಡು ದಿನ ಆಡಿದ ಹುಡುಗ ಆಟ ಕಲಿಯುವುದು ಇಲ್ಲೇ. ಆದರೆ ಇಲ್ಲಿ ತರಬೇತುದಾರನಿಲ್ಲ, ಗಾಯವಾದರೆ ನೋಡುವವರಿಲ್ಲ, ಹುಡುಗಿಯರು ಹತ್ತಿರ ಸುಳಿಯುವಂತೆಯೂ ಇಲ್ಲ.

ಹಾಗಾಗಿ ನನ್ನ ಒತ್ತಾಯ ಒಂದು ಲೀಗ್‌ಗೆ. ಕೊಳ್ಳೇಗಾಲ, ಹನೂರು, ಯಳಂದೂರು, ಮಳವಳ್ಳಿ, ತಿ. ನರಸೀಪುರಗಳ ಕಾಲೇಜುಗಳು ಸೆಪ್ಟೆಂಬರ್‌ನಿಂದ ಜನವರಿವರೆಗೆ ಪ್ರತಿ ಶನಿವಾರ ಮಧ್ಯಾಹ್ನ, ಒಮ್ಮೆ ತಮ್ಮಲ್ಲಿ ಒಮ್ಮೆ ಎದುರಾಳಿಯಲ್ಲಿ, ಒಬ್ಬರೊಡನೊಬ್ಬರು ಆಡಲಿ. ಆರು ತಂಡವಾದರೂ ಪ್ರತಿಯೊಂದಕ್ಕೂ ಹತ್ತು ಪಂದ್ಯ ಖಚಿತ. ಅಡ್ಡಿ ದೂರದ್ದಲ್ಲ, ಈ ತಾಲ್ಲೂಕು ಕೇಂದ್ರಗಳೆಲ್ಲ ಕೊಳ್ಳೇಗಾಲದ ಸುತ್ತಲೇ ಇವೆ. ಅಡ್ಡಿ ಕಾಗದದ್ದು: ಮಳವಳ್ಳಿ ಮಂಡ್ಯ ಜಿಲ್ಲೆ, ನರಸೀಪುರ ಮೈಸೂರು ಜಿಲ್ಲೆ, ಉಳಿದವು ಚಾಮರಾಜನಗರ. ವಿಶ್ವವಿದ್ಯಾಲಯದ ಗಡಿ ದಾಟಿ ಆಡಲು ಸುತ್ತೋಲೆ ಬೇಕು, ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ಹೊಂದಬೇಕು, ತೀರ್ಪುಗಾರರ ಭತ್ಯೆ ಯಾರು ಕೊಡಬೇಕೆಂದು ತೀರ್ಮಾನವಾಗಬೇಕು. ಇವೆಲ್ಲ ಪ್ರಾಂಶುಪಾಲರೂ ದೈಹಿಕ ಶಿಕ್ಷಣ ನಿರ್ದೇಶಕರೂ ಒಂದು ಮಧ್ಯಾಹ್ನ ಕೂತು ಮಾತಾಡಿದರೆ ಬಗೆಹರಿಯುವ ಸಂಗತಿಗಳು.

ಇದನ್ನು ಹೆಣ್ಣುಮಕ್ಕಳ ಖೋ ಖೋ ಲೀಗ್‌ನಿಂದಲೇ ಶುರು ಮಾಡಬೇಕು. ಅಂಕಣಕ್ಕೆ ಬೇಕಾದದ್ದು ಎರಡು ಕಂಬ ಮತ್ತು ಸುಣ್ಣದ ಗೆರೆ. ಆಡುವವರು ಹೇಗೆ ಬೆಳೆಯಬಲ್ಲರು ಎಂಬುದಕ್ಕೆ ಕುರುಬೂರು ಪಕ್ಕದಲ್ಲೇ ಇದೆ. ತಂಡವನ್ನು ಊರಿಂದೂರಿಗೆ ಕರೆದೊಯ್ಯುವ ಖರ್ಚಂತೂ, 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಜಾರಿಗೆ ಬಂದಾಗಿನಿಂದ, ಕಾಲೇಜಿನ ಲೆಕ್ಕದಲ್ಲಿ ಬರೆಯಬೇಕಾದ ಬಾಬತ್ತೇ ಅಲ್ಲ. ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಕೊಳ್ಳೇಗಾಲ ಬಿಟ್ಟರೆ ಯಳಂದೂರಿನಲ್ಲಿ ಎರಡಕ್ಕೆ ಆಟ ಶುರು ಮಾಡಬಹುದು, ಕತ್ತಲಾಗುವ ಮುಂಚೆ ಎಲ್ಲರೂ ಮನೆ ಸೇರಬಹುದು.