ಸರ್ಟಿಫಿಕೇಟ್ ಮೇಲಿರೋ ‘ಜಿ, ವಿಎಸ್2’: ವಜ್ರಕ್ಕೆ ಮಾರ್ಕ್ಸ್ ಹಾಕಿದ್ದು ಯಾರು?

ಎಂಗೇಜ್‌ಮೆಂಟ್ ಉಂಗುರ ತಗೊಳ್ಳೋಕೆ ಹೊರಟಿರೋರು, ಅಥವಾ ಅಣ್ಣನ ಜೊತೆಗೋ ಗೆಳತಿ ಜೊತೆಗೋ ಹೋಗಿ ಒಡವೆ ಅಂಗಡಿಯ ಎಸಿಯಲ್ಲಿ ಎರಡು ಗಂಟೆ ಕೂತು ಬಂದಿರೋರು, ಇವತ್ತಿನ ಎಪಿಸೋಡ್ ನಿಮಗೆ.

ಅಂಗಡಿಯಲ್ಲಿ ಉಂಗುರದ ಜೊತೆ ಒಂದು ಸರ್ಟಿಫಿಕೇಟ್ ಮುಂದಿಡ್ತಾರೆ. ಅರ್ಧ ಕ್ಯಾರೆಟ್, ಕಲರ್ ಜಿ, ಕ್ಲಾರಿಟಿ ವಿಎಸ್2. ಪಕ್ಕದಲ್ಲೇ ಇನ್ನೊಂದು ಉಂಗುರ, ಅಷ್ಟೇ ತೂಕದ ಕಲ್ಲು. ಆದ್ರೆ ಕಲರ್ ಡಿ, ಕ್ಲಾರಿಟಿ ವಿವಿಎಸ್1. ನಿಮ್ಮ ಕಣ್ಣಿಗೆ ಎರಡೂ ಒಂದೇ ಥರ ಹೊಳೀತವೆ. ರೇಟ್ ಮಾತ್ರ ಎಲ್ಲೋ ಹೋಗಿರುತ್ತೆ. “ಇದು ಕ್ವಾಲಿಟಿ ಸಾರ್” ಅಂತಾರೆ. ನೀವು ಇಎಂಐ ಲೆಕ್ಕ ಹಾಕೋಕೆ ಶುರು ಮಾಡ್ತೀರ. ಇಷ್ಟಪಟ್ಟವರಿಗೆ ಕಮ್ಮಿ ದರ್ಜೆಯದ್ದು ಕೊಟ್ಟ ಹಾಗಾಗುತ್ತೇನೋ ಅನ್ನೋ ಅಳುಕು ಇದೆಯಲ್ಲ, ಆ ವ್ಯಾಪಾರ ನಡೆಯೋದೇ ಅದರ ಮೇಲೆ.

ಬಿಕಾಂ ಮುಗಿಸಿದ ನನಗೆ ಒಂದು ಚಟ. ಯಾವ ರೇಟ್ ಕಾರ್ಡ್ ನೋಡಿದ್ರೂ, ಇದನ್ನ ಬರೆದೋರು ಮಾರೋರಾ, ಕೊಳ್ಳೋರಾ ಅಂತ ಹುಡುಕ್ತೀನಿ. ವಜ್ರದ ವಿಷಯದಲ್ಲಿ ಹುಡುಕ್ತಾ ಹೋದ್ರೆ ಸುಮಾರು 1,500 ವರ್ಷ ಹಿಂದಕ್ಕೆ, ನಮ್ಮ ದೇಶಕ್ಕೇ ಬರ್ತೀವಿ. 18ನೇ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗೋವರೆಗೆ ಪ್ರಪಂಚಕ್ಕೆಲ್ಲ ವಜ್ರ ಅಂದ್ರೆ ಹೆಚ್ಚುಕಮ್ಮಿ ಇಂಡಿಯಾನೇ.

6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಪರೀಕ್ಷೆಗೇ ಒಂದು ಅಧ್ಯಾಯ ಇದೆ. ಅಕ್ಕಿಕಾಳಿನ ಲೆಕ್ಕದಲ್ಲಿ ತೂಕ, ತೂಕ ಇಳಿದ ಹಾಗೆ ಬೆಲೆ ಎಷ್ಟು ಇಳೀಬೇಕು ಅನ್ನೋ ಪಟ್ಟಿ, ದೋಷಗಳಿಗೆ ಹೆಸರು, ಎಲ್ಲ ಸಿಗುತ್ತೆ. ಕಲ್ಲಿನೊಳಗೆ ಕಾಗೆ ಕಾಲಿನ ಹಾಗೆ ಗೆರೆ ಇದ್ರೆ ಕಾಕಪದ, ನೊಣದ ಹಾಗೆ ಮಚ್ಚೆ ಇದ್ರೆ ಮಕ್ಷಿಕ, ಕೂದಲ ಹಾಗಿದ್ರೆ ಕೇಶ. ಇವತ್ತಿನ ಲ್ಯಾಬ್ ರಿಪೋರ್ಟ್ ತೆಗೆದ್ರೆ ಅದೇ ದೋಷಗಳಿಗೆ ಫೆದರ್, ಕ್ಲೌಡ್, ಪಿನ್‌ಪಾಯಿಂಟ್ ಅಂತ ಹೆಸರು. ನಮ್ಮ ಕಾಗೆ ಹೋಗಿ ಅವರ ಗರಿ ಬಂತು, ಅಷ್ಟೇ. ಯಾವ ಬಣ್ಣದ ವಜ್ರ ಯಾವ ವರ್ಣದವರಿಗೆ ಅನ್ನೋದೂ ಆ ಅಧ್ಯಾಯದಲ್ಲಿದೆ. ಬಿಳಿಯದ್ದು ಬ್ರಾಹ್ಮಣರಿಗಂತೆ. ಕಲ್ಲಿನ ಗುಣ ಅಳೆಯೋಕೆ ಕೂತೋರು ಜೊತೆಗೆ ಮನುಷ್ಯರನ್ನೂ ಅಳೆದುಬಿಟ್ಟಿದ್ದಾರೆ.

ಅಲ್ಲಿಂದ ಸಾವಿರ ವರ್ಷ ಮುಂದೆ ಬಂದ್ರೆ ವಿಜಯನಗರ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ಬೀದಿಗಳಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತು ಮಾರ್ತಿದ್ದದ್ದನ್ನ ಬರೆದಿದ್ದಾನೆ. ಶಾಲೆಯಲ್ಲಿ ನಾವೆಲ್ಲ ಓದಿದ್ದು ಇಲ್ಲಿಗೇ ನಿಂತುಹೋಗುತ್ತೆ. ನನಗೆ ಇಷ್ಟವಾಗೋದು 1535ರ ಸುಮಾರಿನ ಫೆರ್ನಾವೊ ನುನಿಜ್. ಈ ಮನುಷ್ಯ ಕುದುರೆ ವ್ಯಾಪಾರಿ, ಹಾಗಾಗಿ ಲೆಕ್ಕ ನೋಡ್ತಾನೆ. ವಜ್ರದ ಗಣಿಗಳನ್ನ ಗುತ್ತಿಗೆಗೆ ಕೊಡ್ತಿದ್ರು, ಆದ್ರೆ 20 ಮಂಜೆಲಿನ್‌ಗಿಂತ ಹೆಚ್ಚು ತೂಗೋ ಕಲ್ಲು ಸಿಕ್ಕಿದ್ರೆ ಅದು ನೇರವಾಗಿ ರಾಜನಿಗೆ ಅಂತ ಬರೀತಾನೆ. ಮಂಜೆಲಿನ್ ಅಂದ್ರೆ ನಮ್ಮ ಮಂಜಾಡಿ ಬೀಜದಿಂದ ಬಂದ ತೂಕ. ಚಿನ್ನಕ್ಕೆ ಗುಲಗಂಜಿ ಇದ್ದ ಹಾಗೆ. ಮೆಡಿಟರೇನಿಯನ್ ಕಡೆಯವರು ಕ್ಯಾರಬ್ ಅನ್ನೋ ಮರದ ಬೀಜ ಇಟ್ಕೊಂಡು ತೂಗ್ತಿದ್ರು, ಅದೇ ಕ್ಯಾರೆಟ್. ಒಂದು ಕ್ಯಾರೆಟ್ ಅಂದ್ರೆ 200 ಮಿಲಿಗ್ರಾಂ ಅಂತ ಎಲ್ಲರೂ ಒಪ್ಪಿದ್ದು 1907ರಲ್ಲಿ. ಅಲ್ಲಿವರೆಗೆ ಊರಿಗೊಂದು ಕ್ಯಾರೆಟ್.

ಈಗ ನನ್ನ ಮೆಚ್ಚಿನ ಭಾಗ. ಫ್ರೆಂಚ್ ವ್ಯಾಪಾರಿ ಜಾನ್ ಬಾಪ್ಟಿಸ್ಟ್ ತಾವೆರ್ನಿಯೆ 17ನೇ ಶತಮಾನದಲ್ಲಿ ವಜ್ರ ಕೊಳ್ಳೋಕೆ ಅಂತಲೇ ಇಲ್ಲಿಗೆ ಬಂದ. ಗೋಲ್ಕೊಂಡದಿಂದ ಐದು ದಿನ, ಬಿಜಾಪುರದಿಂದ ಎಂಟೊಂಬತ್ತು ದಿನದ ದಾರಿಯಲ್ಲಿ ರಾವೋಲ್‌ಕೊಂಡ ಅನ್ನೋ ಗಣಿ ಇದೆ ಅಂತಾನೆ. ಇವತ್ತಿನ ಕರ್ನೂಲ್ ಹತ್ತಿರದ ರಾಮಳ್ಳಕೋಟ ಅದೇ ಅಂತ ಆಮೇಲಿನವರು ಗುರುತು ಹಚ್ಚಿದ್ದಾರೆ. ಅಲ್ಲಿ ದಿನಾ ಬೆಳಿಗ್ಗೆ ಊರ ಚೌಕದ ದೊಡ್ಡ ಮರದ ಕೆಳಗೆ 10ರಿಂದ 15-16 ವರ್ಷದ ಹುಡುಗರು ಬಂದು ಕೂರ್ತಿದ್ರಂತೆ, ವ್ಯಾಪಾರಿಗಳ ಮಕ್ಕಳು. ಒಂದು ಕಡೆ ತೂಕದ ಕಲ್ಲುಗಳ ಚೀಲ, ಇನ್ನೊಂದು ಕಡೆ ಸೊಂಟಕ್ಕೆ ಕಟ್ಟಿದ ಹಣದ ಚೀಲ. ಅದರಲ್ಲಿ 500-600 ಚಿನ್ನದ ವರಹ ಇರೋದೂ ಉಂಟು. ಯಾರಾದ್ರೂ ವಜ್ರ ತಂದ್ರೆ ಮೊದಲು ಎಲ್ಲರಿಗಿಂತ ದೊಡ್ಡ ಹುಡುಗನ ಕೈಗೆ. ಅವನು ನೋಡಿ ಪಕ್ಕದವನಿಗೆ, ಅವನು ಇನ್ನೊಬ್ಬನಿಗೆ. ಯಾರೂ ಮಾತಾಡೋ ಹಾಗಿಲ್ಲ. ಸುತ್ತು ಮುಗಿದು ವಾಪಸ್ ಬಂದ ಮೇಲೆ ದೊಡ್ಡವನು ರೇಟ್ ಕೇಳಿ ಕೊಳ್ತಾನೆ. ಜಾಸ್ತಿ ಕೊಟ್ಟುಬಿಟ್ಟಿದ್ರೆ ನಷ್ಟ ಅವನದ್ದೇ. ಸಂಜೆ ಎಲ್ಲ ಕಲ್ಲುಗಳನ್ನ ‘ನೀರು’, ತೂಕ, ಸ್ವಚ್ಛತೆ ನೋಡಿ ವಿಂಗಡಿಸಿ, ದೊಡ್ಡ ವ್ಯಾಪಾರಿಗಳಿಗೆ ಮಾರಿ, ಲಾಭ ಹಂಚ್ಕೊಳ್ತಿದ್ರು.

‘ನೀರು’ ಅಂದ್ರೆ ಕಲ್ಲಿನ ಬಣ್ಣ, ತಿಳಿ. ಕಲರ್, ಕ್ಯಾರೆಟ್, ಕ್ಲಾರಿಟಿ. ನಾಲ್ಕು ‘ಸಿ’ಗಳಲ್ಲಿ ಮೂರು ಆ ಮರದ ಕೆಳಗೇ ಇದ್ವು. ನಾಲ್ಕನೆಯದು, ಕಟ್, ಇರಲಿಲ್ಲ.

ಯಾಕೆ ಇರಲಿಲ್ಲ ಅನ್ನೋಕೂ ತಾವೆರ್ನಿಯೆ ಹತ್ರ ಉತ್ತರ ಇದೆ. ಗಣಿಯಲ್ಲಿದ್ದ ಕೆಲಸಗಾರರು ಕಲ್ಲು ಚೆನ್ನಾಗಿದ್ರೆ ಸ್ವಲ್ಪ ಸಾಣೆ ಹಿಡಿದು ಬಿಟ್ಟುಬಿಡ್ತಿದ್ರು. ಆಕಾರ ಕೊಡೋಕೆ ಹೋದ್ರೆ ತೂಕ ಹೋಗುತ್ತೆ, ತೂಕ ಅಂದ್ರೆ ದುಡ್ಡು. ಕಲ್ಲಲ್ಲಿ ಮಚ್ಚೆ ಇದ್ರೆ ಮಾತ್ರ ಮೈತುಂಬ ಮುಖಗಳನ್ನ ಕಡೆದು ಅದನ್ನ ಮುಚ್ಚಿಡ್ತಿದ್ರು. ಇನ್ನೊಂದು ಮಾತು ಹೇಳ್ತಾನೆ: ಕಲ್ಲಿನ ನೀರಿನ ಬಗ್ಗೆ ಅನುಮಾನ ಬಂದ್ರೆ ದಟ್ಟ ಎಲೆಯ ಮರದ ಕೆಳಗೆ ಹಿಡೀಬೇಕು, ಆ ಹಸಿರು ನೆರಳಲ್ಲಿ ನೀಲಿ ಛಾಯೆ ಇದ್ಯಾ ಅನ್ನೋದು ಗೊತ್ತಾಗುತ್ತೆ ಅಂತ. ಒಡವೆ ಅಂಗಡಿಯ ಸೀಲಿಂಗ್ ನೆನಪಿಸ್ಕೊಳ್ಳಿ. ಅಷ್ಟೊಂದು ಸ್ಪಾಟ್‌ಲೈಟ್ ಯಾಕೆ ಹಾಕಿರ್ತಾರೆ? ಅದರ ಕೆಳಗೆ ಗಾಜಿನ ಚೂರೂ ಹೊಳೆಯುತ್ತೆ. ಉಂಗುರವನ್ನ ಬಾಗಿಲ ಹತ್ರ, ನೆರಳಲ್ಲಿ, ಸ್ಪಾಟ್‌ಲೈಟ್ ಇಲ್ಲದ ಕಡೆ ನೋಡ್ತೀನಿ ಅಂತ ಕೇಳಿ. ಕೇಳೋಕೆ ಸಂಕೋಚ ಬೇಡ, 17ನೇ ಶತಮಾನದಿಂದಲೂ ಕೇಳ್ಕೊಂಡು ಬಂದಿದ್ದಾರೆ.

ಆಮೇಲಿನ ಕಥೆ ಬೇಗ ಹೇಳಿಬಿಡ್ತೀನಿ. ದಕ್ಷಿಣ ಆಫ್ರಿಕಾದಲ್ಲಿ 1860ರ ದಶಕದ ಕೊನೆಗೆ ವಜ್ರ ಸಿಕ್ತು, 1871ರಲ್ಲಿ ಕಿಂಬರ್ಲಿಯ ಅಗೆತ ಶುರುವಾಯ್ತು. ರಾಜರ ಪೆಟ್ಟಿಗೆಯಲ್ಲಿದ್ದ ವಸ್ತು ಗಾಡಿ ಗಾಡಿ ಬರೋಕೆ ಶುರುವಾದ್ರೆ ಬೆಲೆ ಏನಾಗಬೇಕು? ಬೀಳಬೇಕು. ಬೀಳದೇ ಇರಲಿ ಅಂತ 1888ರಲ್ಲಿ ಸೆಸಿಲ್ ರೋಡ್ಸ್ ಗಣಿಗಳನ್ನ ಒಟ್ಟುಗೂಡಿಸಿ ಡಿ ಬಿಯರ್ಸ್ ಕಂಪನಿ ಕಟ್ಟಿದ. ಪೂರೈಕೆ ಒಂದು ಕೈಯಲ್ಲಿ, ಬೇಡಿಕೆಗೆ ಜಾಹೀರಾತು. 1938ರಲ್ಲಿ ಎನ್.ಡಬ್ಲ್ಯು. ಅಯರ್ ಅನ್ನೋ ಅಮೆರಿಕನ್ ಏಜೆನ್ಸಿಗೆ ಕೆಲಸ ಕೊಟ್ರು. ‘ವಜ್ರ ಶಾಶ್ವತ’ ಅನ್ನೋ ಅರ್ಥದ ಆ ಫೇಮಸ್ ಸಾಲನ್ನ 1947ರಲ್ಲಿ ಅಲ್ಲಿನ ಫ್ರಾನ್ಸಿಸ್ ಗೆರೆಟಿ ಬರೆದರು. ಇದು ನಿಮಗೆ ಗೊತ್ತಿರೋ ಕಥೆ. ಹೆಚ್ಚು ಜನ ಹೇಳದೇ ಇರೋದು ಅದರ ಮುಂದಿನದ್ದು. 1955ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಸೈಬೀರಿಯಾದಲ್ಲಿ ಮಿರ್ ಗಣಿ ಸಿಕ್ತು. ಅಲ್ಲಿಂದ ರಾಶಿ ರಾಶಿ ಬಂದದ್ದು ಚಿಕ್ಕ ಕಲ್ಲುಗಳು, ಅವನ್ನೂ ಡಿ ಬಿಯರ್ಸೇ ಮಾರಬೇಕಾಯ್ತು. ಅಲ್ಲಿವರೆಗೆ ಜಾಹೀರಾತಲ್ಲಿ ದೊಡ್ಡ ಕಲ್ಲು ಅಂದ್ರೆ ದೊಡ್ಡ ಪ್ರೀತಿ. ಆಮೇಲೆ ರಾಗ ಬದಲಾಯ್ತು: ಸೈಜ್ ಮುಖ್ಯ ಅಲ್ಲ, ಕ್ವಾಲಿಟಿ, ಕಲರ್, ಕಟ್ ಮುಖ್ಯ. ಗೋಡೌನ್‌ನಲ್ಲಿ ಏನು ಜಾಸ್ತಿ ಇದ್ಯೋ ಅದೇ ಒಳ್ಳೆಯದು.

ನಮ್ಮ ಮನೆಗಳಲ್ಲೂ ಇದರ ಒಂದು ಕುರುಹು ಇದೆ. ಅಜ್ಜಿಯಂದಿರು “ಇದು ಬ್ಲೂ ಜಾಗರ್ ಓಲೆ” ಅಂತ ಹೆಮ್ಮೆಯಿಂದ ಹೇಳೋದು ಕೇಳಿದ್ದೀರಾ? ಆ ‘ಜಾಗರ್’ ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಅನ್ನೋ ಗಣಿಯ ಹೆಸರು. 1893ರಲ್ಲಿ 995 ಕ್ಯಾರೆಟ್‌ನ ಎಕ್ಸೆಲ್ಸಿಯರ್ ವಜ್ರ ಸಿಕ್ಕಿದ್ದು ಅಲ್ಲೇ. ಆ ಗಣಿಯ ಒಳ್ಳೆ ಕಲ್ಲುಗಳಿಗೆ ಬಿಸಿಲಲ್ಲಿ ತಿಳಿನೀಲಿ ಹೊಳಪು ಬರ್ತಿತ್ತು, ಬಿಸಿಲಿನ ಅಲ್ಟ್ರಾವೈಲೆಟ್ ಕಿರಣಕ್ಕೆ ಕಲ್ಲು ಮಿನುಗೋದ್ರಿಂದ. ಅಜ್ಜಿ ಕಾಲದಲ್ಲಿ ಅದಕ್ಕೆ ಹೆಚ್ಚು ಬೆಲೆ. ಇವತ್ತು ಅದೇ ಗುಣ ರಿಪೋರ್ಟ್‌ನಲ್ಲಿ ‘ಫ್ಲೋರೊಸೆನ್ಸ್: ಸ್ಟ್ರಾಂಗ್ ಬ್ಲೂ’ ಅಂತ ಬಂದ್ರೆ, ಡಿ, ಇ, ಎಫ್‌ನಂಥ ಬಿಳಿ ಕಲ್ಲುಗಳಿಗೆ ರೇಟ್ ಕಮ್ಮಿ ಮಾಡ್ತಾರೆ. ಕಲ್ಲಿನ ಗುಣ ಅದೇ ಇದೆ, ಮಾರ್ಕೆಟ್‌ನ ಮೂಡ್ ಬದಲಾಗಿದೆ. ಹಾಗಾಗಿ ಸ್ಟ್ರಾಂಗ್ ಬ್ಲೂ ಅಂತ ಬರೆದಿದ್ರೆ ಹೆದರಬೇಡಿ. ಬಿಸಿಲಲ್ಲಿ ಹಾಲಿನ ಹಾಗೆ ಮಬ್ಬಾಗಿ ಕಾಣ್ತಿಲ್ಲ ಅಂತಾದ್ರೆ ಅದು ನಿಮಗೆ ಸಿಕ್ಕ ಡಿಸ್ಕೌಂಟ್.

ಈಗ ಆ ಸರ್ಟಿಫಿಕೇಟ್‌ಗೆ ಬರೋಣ. ಅಮೆರಿಕದಲ್ಲಿ ರಾಬರ್ಟ್ ಶಿಪ್ಲಿ 1931ರಲ್ಲಿ ಜಿಐಎ ಅನ್ನೋ ರತ್ನಶಾಸ್ತ್ರದ ಸಂಸ್ಥೆ ಶುರು ಮಾಡಿದ್ರು, ಒಡವೆ ವ್ಯಾಪಾರಿಗಳಿಗೆ ಪಾಠ ಹೇಳೋಕೆ. ನಾಲ್ಕು ‘ಸಿ’ ಅನ್ನೋದು ಅಲ್ಲಿ ನೆನಪಿಟ್ಕೊಳ್ಳೋಕೆ ಮಾಡಿದ ಸೂತ್ರ. 1953ರಲ್ಲಿ ರಿಚರ್ಡ್ ಲಿಡಿಕೋಟ್ ನೇತೃತ್ವದಲ್ಲಿ ಡಿಯಿಂದ ಝಡ್‌ವರೆಗಿನ ಕಲರ್ ಪಟ್ಟಿ, ಫ್ಲಾಲೆಸ್‌ನಿಂದ ಶುರುವಾಗೋ ಕ್ಲಾರಿಟಿ ಪಟ್ಟಿ ಬಂತು. ಎಯಿಂದ ಯಾಕೆ ಶುರು ಮಾಡಲಿಲ್ಲ? ಎ, ಡಬಲ್ ಎ, ಬಿ, ಸಿ ಎಲ್ಲವನ್ನೂ ಅಂಗಡಿಯೋರು ಆಗಲೇ ಮನಸ್ಸಿಗೆ ಬಂದ ಹಾಗೆ ಬಳಸಿ ಕೆಡಿಸಿದ್ರು. ಇದನ್ನ ನಾನು ಆಡ್ಕೊಳ್ಳಲ್ಲ, ದೊಡ್ಡ ಉಪಕಾರವೇ ಆಯ್ತು. ಸೂರತ್‌ನಲ್ಲಿರೋರು ನ್ಯೂಯಾರ್ಕ್‌ನಲ್ಲಿರೋರಿಗೆ ಕಲ್ಲು ತೋರಿಸದೇ ಮಾರೋಕೆ ಒಂದು ಭಾಷೆ ಸಿಕ್ತು.

ಆದ್ರೆ ಅದು ವ್ಯಾಪಾರಿಗಳ ನಡುವಿನ ಭಾಷೆ. ಕ್ಲಾರಿಟಿಯನ್ನ ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೂಪ್ ಇಟ್ಟು ನೋಡ್ತಾರೆ. ವಿಎಸ್ ಅಂದ್ರೆ ಲೂಪ್‌ನಲ್ಲೂ ಸುಲಭಕ್ಕೆ ಕಾಣದ ದೋಷ, ವಿವಿಎಸ್ ಅಂದ್ರೆ ತರಬೇತಿ ಪಡೆದವರೂ ಕಷ್ಟಪಟ್ಟು ಹುಡುಕಬೇಕಾದ ದೋಷ. ಕಲರ್ ನೋಡುವಾಗ ಕಲ್ಲನ್ನ ಬಿಳಿ ಹಿನ್ನೆಲೆಯಲ್ಲಿ ತಲೆಕೆಳಗಾಗಿ ಇಟ್ಟು, ಮಾದರಿ ಕಲ್ಲುಗಳ ಪಕ್ಕದಲ್ಲಿ ಹೋಲಿಸ್ತಾರೆ. ಉಂಗುರವನ್ನ ಯಾರಾದ್ರೂ ತಲೆಕೆಳಗೆ ಹಾಕ್ಕೊಳ್ತಾರಾ? ಚಿನ್ನದ ಉಂಗುರದಲ್ಲಿ ಕೂರಿಸಿದ ಅರ್ಧ ಕ್ಯಾರೆಟ್ ಕಲ್ಲಲ್ಲಿ ಡಿಗೂ ಜಿಗೂ ಇರೋ ವ್ಯತ್ಯಾಸ ನಿಮ್ಮತ್ತೆಗೂ ಕಾಣಲ್ಲ.

ಕಣ್ಣಿಗೆ ನಿಜವಾಗಿ ಕಾಣೋದು ಕಟ್. ಬೆಳಕು ಒಳಗೆ ಹೋಗಿ ವಾಪಸ್ ಕಣ್ಣಿಗೆ ಬರುತ್ತಾ, ಕೆಳಗಿಂದ ಸೋರಿಹೋಗುತ್ತಾ ಅನ್ನೋದು ಕಡೆದ ಕೋನಗಳ ಮೇಲಿದೆ. ಆಂಟ್ವರ್ಪ್‌ನ ವಜ್ರದ ಮನೆತನದ ಮಾರ್ಸೆಲ್ ಟೊಲ್ಕೊವ್‌ಸ್ಕಿ 1919ರಲ್ಲೇ ಈ ಕೋನಗಳ ಲೆಕ್ಕವನ್ನ ಪುಸ್ತಕ ಮಾಡಿದ್ದ. ಆದ್ರೂ ಜಿಐಎ ರಿಪೋರ್ಟ್‌ಗೆ ಕಟ್ ಗ್ರೇಡ್ ಬಂದಿದ್ದು 2006ಕ್ಕೆ, ಅದೂ ರೌಂಡ್ ಬ್ರಿಲಿಯಂಟ್ ಅನ್ನೋ ಗುಂಡಗಿನ ಕಲ್ಲಿಗೆ. ನೋಡಿ, ಕಣ್ಣಿಗೆ ಕಾಣದ್ದಕ್ಕೆ 1953ರಲ್ಲೇ ಮಾರ್ಕ್ಸ್, ಕಾಣೋದಕ್ಕೆ ಅರ್ಧ ಶತಮಾನ ತಡವಾಗಿ. ಕೋನಗಳ ಲೆಕ್ಕ ಕಷ್ಟ ಇತ್ತು ಅನ್ನೋದು ನಿಜ. ಒಳ್ಳೆ ಕಟ್ ಅಂದ್ರೆ ತೂಕ ಕಳ್ಕೊಳ್ಳೋದು ಅನ್ನೋದೂ ಅಷ್ಟೇ ನಿಜ, ರಾವೋಲ್‌ಕೊಂಡದ ಕೆಲಸಗಾರರಿಗೆ ಗೊತ್ತಿದ್ದ ಹಾಗೆ.

ತೂಕದ ಆಸೆ ಈಗಲೂ ಹೋಗಿಲ್ಲ. ಸರಿಯಾಗಿ ಕಡೆದ್ರೆ 95 ಸೆಂಟ್ ಆಗಬೇಕಿದ್ದ ಕಲ್ಲನ್ನ ಸೊಂಟದಲ್ಲಿ ದಪ್ಪ ಬಿಟ್ಟು ಒಂದು ಕ್ಯಾರೆಟ್ ಮುಟ್ಟಿಸ್ತಾರೆ, ಯಾಕಂದ್ರೆ ಒಂದು ಅನ್ನೋ ಅಂಕಿ ಮುಟ್ಟಿದ ಕೂಡಲೇ ಕ್ಯಾರೆಟ್‌ನ ರೇಟೇ ಹಾರುತ್ತೆ. 1978ರಿಂದ ರ‍್ಯಾಪಪೋರ್ಟ್ ಅನ್ನೋ ಬೆಲೆ ಪಟ್ಟಿ ವ್ಯಾಪಾರಿಗಳ ಮಧ್ಯೆ ಓಡಾಡ್ತಿದೆ, ಅದೂ ಇಂಥ ಮೆಟ್ಟಿಲು ಮೆಟ್ಟಿಲಾಗೇ ಇದೆ. ನಿಮಗೆ ಇದರಿಂದ ಲಾಭ ಮಾಡ್ಕೊಳ್ಳೋಕೆ ಬರುತ್ತೆ: ಮೆಟ್ಟಿಲಿಗಿಂತ ಒಂಚೂರು ಕೆಳಗಿರೋದು ಕೇಳಿ. 50 ಸೆಂಟ್ ಬದಲು 46-47 ಸೆಂಟ್, ಕಟ್ ಎಕ್ಸಲೆಂಟ್. ಬೆರಳ ಮೇಲೆ ಅಷ್ಟೇ ದೊಡ್ಡದಾಗಿ ಕಾಣುತ್ತೆ. ಚಿನ್ನದ ರೇಟ್ ದಿನಾ ಪೇಪರ್‌ನಲ್ಲಿ ಬರುತ್ತೆ, ಮಾರೋಕೆ ಹೋದ್ರೆ ತೂಕ ಹಾಕಿ ದುಡ್ಡು ಕೊಡ್ತಾರೆ. ವಜ್ರಕ್ಕೆ ಅಂಥ ರೇಟ್ ನಿಮ್ಮ ಕೈಗೆ ಸಿಗಲ್ಲ. ವಾಪಸ್ ತಗೊಂಡ್ರೆ ಎಷ್ಟು ಪರ್ಸೆಂಟ್, ಯಾವ ದಿನದ ರೇಟ್‌ಗೆ ಅನ್ನೋದನ್ನ ಬಾಯಿಮಾತಲ್ಲಿ ಬಿಡಬೇಡಿ, ಬಿಲ್ಲಿನ ಮೇಲೆ ಬರೆಸ್ಕೊಳ್ಳಿ.

ಕೊನೆಯದಾಗಿ ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ, ನಿಮ್ಮಲ್ಲಿ ತುಂಬ ಜನ ಕೇಳಿದ್ರಿ. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಟ್ರೇಸಿ ಹಾಲ್ ಯಂತ್ರದೊಳಗೆ ವಜ್ರ ಮಾಡಿದ್ದು 1954ರ ಡಿಸೆಂಬರ್‌ನಲ್ಲಿ. ಅದು ನಕಲಿ ಅಲ್ಲ, ಅದೇ ಇಂಗಾಲ, ಅದೇ ಗಟ್ಟಿತನ. 2018ರಲ್ಲಿ ಡಿ ಬಿಯರ್ಸೇ ಲೈಟ್‌ಬಾಕ್ಸ್ ಅನ್ನೋ ಹೆಸರಲ್ಲಿ ಕ್ಯಾರೆಟ್‌ಗೆ 800 ಡಾಲರ್ ಅಂತ ಒಂದೇ ರೇಟ್‌ಗೆ ಇದನ್ನ ಮಾರೋಕೆ ಬಂತು. ಆಮೇಲೆ ಬೆಲೆ ಇಳೀತಾನೇ ಹೋಯ್ತು, 2025ರಲ್ಲಿ ಆ ಅಂಗಡಿ ಮುಚ್ತೀವಿ ಅಂತ ಅವರೇ ಘೋಷಿಸಿದ್ರು. ಹಾಗಾಗಿ ಲ್ಯಾಬ್ ವಜ್ರ ತಗೊಂಡ್ರೆ ಹೂಡಿಕೆ ಅನ್ನೋ ಮಾತು ಮರೆತುಬಿಡಿ, ಹಾಕ್ಕೊಂಡು ಖುಷಿಪಡೋಕೆ ತಗೊಳ್ಳಿ.

ಅದೇ 2025ರಲ್ಲಿ ಜಿಐಎ ಇನ್ನೊಂದು ಘೋಷಣೆ ಮಾಡ್ತು. ಲ್ಯಾಬ್ ವಜ್ರಗಳಿಗೆ ಇನ್ನು ಮುಂದೆ ಡಿ, ಇ, ಎಫ್, ವಿವಿಎಸ್ ಅಂತೆಲ್ಲ ಗ್ರೇಡ್ ಕೊಡಲ್ಲ, ‘ಪ್ರೀಮಿಯಂ’ ಅಥವಾ ‘ಸ್ಟ್ಯಾಂಡರ್ಡ್’, ಎರಡೇ. ಕಾರಣ, ನೂರಕ್ಕೆ 95ಕ್ಕೂ ಹೆಚ್ಚು ಕಲ್ಲುಗಳು ಕಲರ್, ಕ್ಲಾರಿಟಿ ಎರಡರಲ್ಲೂ ಮೇಲಿನ ಒಂದು ಚಿಕ್ಕ ಪಟ್ಟಿಯೊಳಗೇ ಬಂದು ಬೀಳ್ತವಂತೆ. ಕ್ಲಾಸಿನಲ್ಲಿ ಎಲ್ಲರಿಗೂ ಡಿಸ್ಟಿಂಕ್ಷನ್ ಬಂದಾಗ ರ‍್ಯಾಂಕ್ ಹೇಗೆ ಕೊಡ್ತಾರೆ? ಬೇರೆ ಲ್ಯಾಬ್‌ಗಳ ರಿಪೋರ್ಟ್‌ನಲ್ಲಿ ಹಳೇ ಅಕ್ಷರಗಳು ಇನ್ನೂ ಬರ್ತಿವೆ. ಲ್ಯಾಬ್ ಕಲ್ಲಿಗೆ “ವಿವಿಎಸ್ ಮೇಡಂ, ಅದಕ್ಕೇ ರೇಟ್ ಜಾಸ್ತಿ” ಅಂತ ಯಾರಾದ್ರೂ ಹೇಳಿದ್ರೆ, ಪಕ್ಕದ ಟ್ರೇಯಲ್ಲಿ ವಿವಿಎಸ್ ಅಲ್ಲದ್ದು ಎಷ್ಟಿದೆ ತೋರಿಸಿ ಅಂತ ಕೇಳಿ ನೋಡಿ.